ಮೊಡವೆಯ ಮುಲಾಮು ಬಿಟ್ಟರೆ ಮುಖ ಉರಿಯುತ್ತದೆ

ಪ್ರಶ್ನೆ (ಕಲಬುರಗಿ): ಔಷಧಿ ಅಂಗಡಿಯವರು ಮೊಡವೆಗೆಂದು ಕೊಟ್ಟ ಮುಲಾಮಿನಿಂದ ನನ್ನ ತಂಗಿಯ ಮುಖ ಮೊದಲು ತಿಳಿಯಾಯಿತು, ಈಗ ಒಂದು ದಿನ ಬಿಟ್ಟರೂ ಕೆಂಪಾಗಿ, ಒಂದೇ ಗಾತ್ರದ ಗುಳ್ಳೆಗಳು ಏಳುತ್ತಿವೆ. ನಮ್ಮ ಊರಿನ ಬಿಸಿಲು ಕಾರಣವೇ?

ಉತ್ತರ (ಬೀದರ್): ಬಿಸಿಲಿಗಿಂತ ನನಗೆ ಮುಲಾಮಿನ ಮೇಲೆಯೇ ಅನುಮಾನ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಅಥವಾ ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಉರಿಯೂತವನ್ನು ಕೆಲಕಾಲ ಅಡಗಿಸಿದರೂ ಅದು ಚರ್ಮವನ್ನು ತೆಳುವಾಗಿಸಿ, ತಾನೇ ಹೊಸ ಮೊಡವೆಗಳನ್ನು ಎಬ್ಬಿಸುತ್ತದೆ. ಟ್ಯೂಬನ್ನೇ ಒಯ್ದು ಚರ್ಮವೈದ್ಯರಿಗೆ ತೋರಿಸಿ, ಬಿಡುವ ಕ್ರಮವನ್ನು ಅವರೇ ಹೇಳಲಿ.

ಉತ್ತರ (ಯಾದಗಿರಿ): ಜಿಡ್ಡು ಮತ್ತು ಸತ್ತ ಜೀವಕೋಶಗಳು ರೋಮರಂಧ್ರವನ್ನು ಮುಚ್ಚುವುದರಿಂದ ಬರುವ ಸಾಮಾನ್ಯ ಮೊಡವೆಗೆ ವೈದ್ಯರು ಅಡಾಪಲೀನ್, ಬೆಂಜಾಯ್ಲ್ ಪೆರಾಕ್ಸೈಡ್ ಬರೆಯುತ್ತಾರೆ. ಫಲ ಕಾಣಲು 8ರಿಂದ 12 ವಾರ ಬೇಕು, ದಯವಿಟ್ಟು ಅವಸರಪಡಬೇಡಿ.

ಪ್ರಶ್ನೆ ಕೇಳಿದವರು: ಟ್ಯೂಬಿನಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆಗೆ ಮೊಮೆಟಾಸೋನ್ ಇದೆ. ನಾಳೆಯೇ ಚರ್ಮವೈದ್ಯರಲ್ಲಿಗೆ ಕರೆದೊಯ್ಯುತ್ತೇನೆ.