ಕಡಲತಡಿಯ ಶಾಲೆ: ಹೆಂಚಿನ ಮಾಡೋ, ಸ್ಲ್ಯಾಬೋ?

ಕಡಲತಡಿ: ಬೈಂದೂರು ಕಡೆ, ಕಡಲಿನಿಂದ ಅರ್ಧ ಕಿಲೋಮೀಟರ್ ಒಳಗೆ, ಮರಳು ನೆಲದಲ್ಲಿ ನಾಲ್ಕು ಕೋಣೆಯ ಶಾಲೆ ಕಟ್ಟಬೇಕಿದೆ, ಕೆಂಪುಕಲ್ಲಿನ ಗೋಡೆ. ಚಂಡಮಾರುತ ತಡೆಯಲು ಹೆಂಚು ಸಾಕೇ, ಸ್ಲ್ಯಾಬೇ ಬೇಕೇ?

ಕಂಬ-ಬೀಮು: ಸ್ಲ್ಯಾಬೇ ಹಾಕಿ. ಕಟ್ಟಡದ ಮೇಲಿನ ಭಾರ, ಗಾಳಿಯ ಲೆಕ್ಕದ ಭಾರತೀಯ ಮಾನಕ ಐಎಸ್ 875ರಲ್ಲಿ ಮಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಗಾಳಿಯ ಒತ್ತಡ 0.6 × 39 × 39, ಸುಮಾರು 913 ನ್ಯೂಟನ್, ಅಂದರೆ ಚದರ ಮೀಟರಿಗೆ ಸುಮಾರು 93 ಕೆಜಿ. ರೀಪು (ಹೆಂಚು ಕೂರುವ ಮರದ ಪಟ್ಟಿ) ಸಮೇತ ಹೆಂಚಿನ ಭಾರ 65 ಕೆಜಿ ಆಸುಪಾಸು. ಮಾಡಿನ ಅಂಚು, ಮೂಲೆಗಳಲ್ಲಿ ಮೇಲೆಳೆತ ಇನ್ನೂ ಜಾಸ್ತಿ. 125 ಮಿ.ಮೀ. ಸ್ಲ್ಯಾಬ್ 312 ಕೆಜಿ ತೂಗುತ್ತದೆ.

ಹೆಂಚಿನಮನೆ: ಲೆಕ್ಕ ಸರಿ ಸರ್, ಆದರೆ ಬರೀ ಭಾರ ನಂಬಿ ಮಾಡು ಯಾರು ಕಟ್ಟುತ್ತಾರೆ? ಗೋಡೆಯ ತಲೆಯ ಮೇಲೆ ಸುತ್ತ ಆರ್‌ಸಿಸಿ ಬೆಲ್ಟ್ ಹಾಕಿ, ಅದರೊಳಗೆ ಹೂತ 12 ಮಿ.ಮೀ. ಬೋಲ್ಟಿಗೆ ಪಕಾಸು (ರೀಪು ಹೊರುವ ಇಳಿಜಾರು ತೊಲೆ) ಬಿಗಿಯಬೇಕು. ಮೂಲೆಗಳಲ್ಲಿ ಆ ಬೆಲ್ಟಿನಿಂದ ಪಂಚಾಂಗದವರೆಗೂ (ಗೋಡೆಯಡಿಯ ನೆಲಗಟ್ಟು) ಕಂಬಿ ಇಳಿಯಬೇಕು, ಇಲ್ಲದಿದ್ದರೆ ಬೆಲ್ಟ್ ಸಮೇತ ಮಾಡು ಏಳುತ್ತದೆ. ಹೆಂಚನ್ನು ತಂತಿಯಿಂದ ರೀಪಿಗೆ ಕಟ್ಟಿ. ನಾಲ್ಕೂ ಕಡೆ ಇಳಿಜಾರು, 22ರಿಂದ 30 ಡಿಗ್ರಿ. ನಮ್ಮ ಮಳೆಗೆ ಚಪ್ಪಟೆ ಸ್ಲ್ಯಾಬ್ ಸೋರದೆ ಉಳಿಯುವುದು ಅಪರೂಪ.

ಉಪ್ಪುಗಾಳಿ: ಸ್ಲ್ಯಾಬ್ ಆಗಲಿ ಬೆಲ್ಟ್ ಆಗಲಿ, ಕರಾವಳಿಯಲ್ಲಿ ಮೊದಲು ಸಾಯುವುದು ಕಂಬಿ. ಕಾಂಕ್ರೀಟಿನ ಮಾನಕ ಐಎಸ್ 456 ಪ್ರಕಾರ ಇಲ್ಲಿಗೆ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್, ಕವರ್ (ಕಂಬಿಯ ಹೊರಗಿನ ಕಾಂಕ್ರೀಟ್ ಪದರ) 45 ಮಿ.ಮೀ.; ಉಪ್ಪುನೀರಿನ ತುಂತುರು ಬೀಳುವಲ್ಲಿ ಎಂ35, 50 ಮಿ.ಮೀ. ನೀರು-ಸಿಮೆಂಟ್ ಅನುಪಾತ 0.45 ಮೀರಬಾರದು. ಕಂಬಿಯನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟರೆ ಕಂಬಿ ಸೆಂಟ್ರಿಂಗ್ ಹಲಗೆಗೇ ಕೂರುತ್ತದೆ. ಆಮೇಲೆ ತುಕ್ಕು ಉಬ್ಬಿ, ಸ್ಲ್ಯಾಬಿನ ಅಡಿಯ ಚಕ್ಕೆ ಕಳಚಿ ಬೀಳುವುದು ಮಕ್ಕಳ ಮೇಲೆ. ಬಾವಿ ನೀರನ್ನು ಪರೀಕ್ಷೆಗೆ ಕಳಿಸಿ: ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ. ದಾಟಿದರೆ ಬೇಡ. ಅಳಿವೆಯ ಮರಳೂ ಬೇಡ.

ಕಡಲತಡಿ: ಒಡಿಶಾದ ಚಂಡಮಾರುತ ಆಶ್ರಯ ಶಾಲೆಗಳಂತೆ ಕೆಳ ಅಂತಸ್ತು ಖಾಲಿ ಬಿಡಬೇಕೇ?

ಕಂಬ-ಬೀಮು: ಅಲ್ಲಿ ಗಾಳಿಗಿಂತ ದೊಡ್ಡ ಭಯ ನುಗ್ಗುವ ನೀರು, 1999ರ ಸೂಪರ್ ಸೈಕ್ಲೋನಿನಲ್ಲಿ ಕಡಲು ಊರೊಳಗೆ ಬಂತು. ಪುರಿ ಕಡೆ ಮೂಲವೇಗವೇ 50, ಆಶ್ರಯ ಕಟ್ಟಡಕ್ಕೆ ಆ ವೇಗವನ್ನು ಇನ್ನೂ 1.3ರಿಂದ ಗುಣಿಸಬೇಕು. ಆ ಗುಣಕ ಪೂರ್ವ ಕರಾವಳಿ ಮತ್ತು ಗುಜರಾತಿಗೆ ಮಾತ್ರ. ನಿಮ್ಮಲ್ಲಿ ದಾಖಲಾದ ಅತಿ ಎತ್ತರದ ನೆರೆಮಟ್ಟಕ್ಕಿಂತ ಪಂಚಾಂಗ ಮೇಲಿರಲಿ. ಮರಳು ಕೊಚ್ಚಿಹೋದರೂ ಬುನಾದಿ ಬಯಲಾಗದಷ್ಟು ಆಳಕ್ಕೆ ಇಳಿಯಿರಿ.

ಹೆಂಚಿನಮನೆ: ಜಗಲಿಯ ಮಾಡನ್ನು ಮುಖ್ಯ ಮಾಡಿನಿಂದ ಬೇರೆಯಾಗಿಯೇ ಕಟ್ಟಿ. ಒಂದೇ ಪಕಾಸು ಮುಂದಕ್ಕೆ ಎಳೆದರೆ ಜಗಲಿಯಡಿ ಗಾಳಿ ಸಿಕ್ಕಿ ತರಗತಿಯ ಮಾಡನ್ನೂ ಕೀಳುತ್ತದೆ. ಕಿಟಕಿ ಬಾಗಿಲುಗಳಿಗೆ ಮೇಲೂ ಕೆಳಗೂ ಅಗುಳಿ ಬೇಕು. ಗಾಳಿಯ ಕಡೆಯದು ಒಡೆದರೆ ಮಾಡನ್ನು ಒಳಗಿನಿಂದ ಮೇಲೆತ್ತುವ ಒತ್ತಡದ ಗುಣಾಂಕ 0.2ರಿಂದ 0.7ರವರೆಗೂ ಏರಬಹುದು.

ಕಂಬ-ಬೀಮು: ಜಗಲಿಯ ಮಾತು ಒಪ್ಪಿದೆ. ಹಾಗಾದರೆ ಒಂದು ಕೋಣೆಗಾದರೂ ಇಳಿಜಾರು ಸ್ಲ್ಯಾಬ್ ಹಾಕಿ, ಮಿಕ್ಕ ಮೂರಕ್ಕೆ ಹೆಂಚಿರಲಿ. ಗಾಳಿ ಜೋರಾದಾಗ ಮಕ್ಕಳನ್ನು ಕೂರಿಸಲು ಆ ಕೋಣೆ ಬೇಕು.