ಪಿಜಿ ರೂಮಿನ ತಿಗಣೆ: ಗ್ರಾಹಕರ ಆಯೋಗದ ಮುಂದೆ ಯಾವ ಸಾಕ್ಷಿ ನಿಲ್ಲುತ್ತೆ?

ಬೆಣ್ಣೆನಗರಿ ವಿದ್ಯಾರ್ಥಿ ಬಳಗ
ಬಳಗಕ್ಕೆ ಬಂದ ಪ್ರಶ್ನೆ. ದಾವಣಗೆರೆಯ ಒಂದು ಪಿಜಿ, ಹುಡುಗ ಸೇರಿ 18 ದಿನ. ಮಂಚ, ಹಾಸಿಗೆ ಎರಡೂ ಪಿಜಿಯವರದ್ದೇ. ರಾತ್ರಿಯೆಲ್ಲ ತಿಗಣೆ ಕಾಟ. ಮಾಲೀಕರು "ನಿನ್ ಬ್ಯಾಗಿನಾಗೇ ಬಂದಿದ್ದು, ಅಡ್ವಾನ್ಸ್ ವಾಪಸ್ ಇಲ್ಲ" ಅಂತಾರೆ. ಹುಡುಗನ ಹತ್ರ ಇರೋದು ಕೈಮೇಲಿನ ದದ್ದುಗಳ ನಾಲ್ಕು ಫೋಟೋ. ಆಯೋಗಕ್ಕೆ ಹೋದ್ರೆ ಇಷ್ಟು ಸಾಕಾ? ಸಾಲದಿದ್ರೆ ರೂಮ್ ಖಾಲಿ ಮಾಡೋಕೆ ಮುಂಚೆ ಏನೇನು ಮಾಡ್ಕೋಬೇಕು?

ಪಿ.ಜೆ. ಬಡಾವಣೆ ವಕೀಲ
ಸಾಲಲ್ಲ. ಎದುರುದಾರರ ವಕೀಲರು ಮೊದಲು ಕೇಳೋದೇ "ಸೊಳ್ಳೆ ಅಲ್ಲ, ಕಜ್ಜಿ ಅಲ್ಲ ಅಂತ ಹೆಂಗೆ ಹೇಳ್ತೀರಿ?" ಅಂತ. ಕಚ್ಚಿದ್ದು ತಿಗಣೆನೇ, ಅದು ಆ ರೂಮಿನದ್ದೇ, ಹೇಳಿದ ಮೇಲೂ ಮಾಲೀಕರು ಏನೂ ಮಾಡಲಿಲ್ಲ ಅನ್ನೋದನ್ನ ತೋರಿಸ್ಬೇಕು.

ಕೇಸು ನಡೆಯುತ್ತಾ ಅನ್ನೋ ಅನುಮಾನ ಬೇಡ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ 2(42)ನೇ ಕಲಂನಲ್ಲಿ 'ಸೇವೆ' ಅಂದ್ರೆ ಊಟ, ವಸತಿ ಅಥವಾ ಎರಡೂ ಅಂತ ಬಿಡಿಸಿ ಬರೆದಿದ್ದಾರೆ. ಪಿಜಿ, ಲಾಡ್ಜ್ ಅದರೊಳಗೆ ಬರುತ್ತವೆ. ಬರೀ ಮನೆ ಬಾಡಿಗೆಗೆ ಹಿಡಿದಿದ್ರೆ ಮಾತ್ರ ಅದು ಸೇವೆ ಅಂತ ಒಪ್ಪಿಸೋದು ಕಷ್ಟ, ಅದು ಸಿವಿಲ್ ದಾರಿ. ಕೊಟ್ಟ ಹಣ 5 ಲಕ್ಷದ ಒಳಗಿದ್ರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ದೂರು ಹಾಕ್ಬೇಕು. ವಕೀಲರಿಲ್ಲದೆಯೂ ವಾದಿಸಬಹುದು.

ಕೀಟದ ಮೇಷ್ಟ್ರು
ಎಲ್ಲಕ್ಕೂ ಮೊದಲು ಹುಳುವನ್ನು ಹಿಡಿದಿಡಿ. ದದ್ದು ನೋಡಿ ತಿಗಣೆ ಎಂದು ಯಾವ ವೈದ್ಯರೂ ಖಚಿತವಾಗಿ ಹೇಳಲಾರರು. ಕೆಲವರಿಗೆ ದದ್ದು ಏಳುವುದಕ್ಕೇ ಹತ್ತು, ಹದಿನಾಲ್ಕು ದಿನ ಹಿಡಿಯುತ್ತದೆ, ಕೆಲವರಿಗೆ ಏಳುವುದೇ ಇಲ್ಲ. ಪಕ್ಕದ ಮಂಚದವನ ಮೈ ನುಣ್ಣಗಿದೆ ಎಂದ ಮಾತ್ರಕ್ಕೆ ರೂಮಿನಲ್ಲಿ ತಿಗಣೆ ಇಲ್ಲವೆಂದಲ್ಲ.

ಐದಾರು ಹುಳು ಸಾಕು. ಇಂಜೆಕ್ಷನ್ ಸೀಸೆಯಂಥ ಸಣ್ಣ ಡಬ್ಬಿಗೆ ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಹಾಕಿ ಅದರಲ್ಲಿ ಬಿಡಿ. ಸೆಲೋ ಟೇಪಿಗೆ ಅಂಟಿಸಿದರೆ ಹುಳು ಅಪ್ಪಚ್ಚಿಯಾಗಿ ಗುರುತು ಹಿಡಿಯುವುದು ಕಷ್ಟ. ದಿನಾಂಕ, ಹೊತ್ತು, ರೂಮ್ ನಂಬರ್, ಸಿಕ್ಕ ಜಾಗ ಬರೆದ ಚೀಟಿಯನ್ನು ಡಬ್ಬಿಯ ಒಳಗೇ ಹಾಕಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಕರಗಿ ಹೋಗುತ್ತದೆ. ಪ್ರಾಣಿಶಾಸ್ತ್ರ ವಿಭಾಗವಿರುವ ಡಿಗ್ರಿ ಕಾಲೇಜಿನಲ್ಲಿ ಕೇಳಿಕೊಂಡರೆ ಗುರುತಿಸಿ ಸಹಿ ಹಾಕಿ ಕೊಟ್ಟಾರು.

ಹಾಸ್ಟೆಲ್ ನಡೆಸುವವರು, ವಿದ್ಯಾನಗರ
ನಮ್ಮ ಕಡೆ ಮಾತನ್ನೂ ಕೇಳಿ. ತಿಗಣೆ ಹೊಲಸಿನಿಂದ ಹುಟ್ಟೋದಲ್ಲ. ರೈಲಿನಲ್ಲಿ, ಸ್ಲೀಪರ್ ಬಸ್ಸಿನಲ್ಲಿ, ಊರಿಂದ ತಂದ ಜಮಖಾನದಲ್ಲೂ ಬರುತ್ತೆ. ಆರು ಹುಳ ಡಬ್ಬೀಲಿ ತಂದಿಟ್ರೆ ಅವು ನಮ್ಮ ಮಂಚದ್ದೇ ಅಂತ ಹೆಂಗಾಗುತ್ತೆ?

ಕೀಟದ ಮೇಷ್ಟ್ರು
ನ್ಯಾಯವಾದ ಪ್ರಶ್ನೆ. ಉತ್ತರ ಮಂಚದೊಳಗೇ ಇದೆ. ಕಬ್ಬಿಣದ ಮಂಚವಾದರೆ ಚೌಕ ಪೈಪಿನ ತುದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಹಳೆಯ ಕಾಟವಾದರೆ ಒಳಗೋಡೆಯ ಮೇಲೆ ಶಾಯಿ ಚಿಮುಕಿಸಿದ ಹಾಗೆ ಕಪ್ಪು ಚುಕ್ಕೆಗಳು ಒಂದರ ಮೇಲೊಂದು ಕೂತಿರುತ್ತವೆ. ನಡುವೆ ಒಂದು ಮಿಲಿಮೀಟರ್ ಉದ್ದದ ಬಿಳಿ ಮೊಟ್ಟೆ, ಮರಿಗಳು ಬೆಳೆಯುತ್ತಾ ಕಳಚಿಟ್ಟ ಜೇನಿನ ಬಣ್ಣದ ಪಾರದರ್ಶಕ ಪೊರೆಗಳು. ಊದಿದರೆ ಪೊರೆ ಹಾರುತ್ತದೆ, ಅಂಟಿಸಿದ ಮೊಟ್ಟೆ ಅಲುಗುವುದಿಲ್ಲ.

ಮೊಟ್ಟೆ ಒಡೆಯಲು 6ರಿಂದ 10 ದಿನ. ಆಮೇಲೆ ಮರಿ ಐದು ಸಲ ಪೊರೆ ಬಿಡಬೇಕು, ಪ್ರತಿ ಸಲಕ್ಕೂ ಮೊದಲು ಹೊಟ್ಟೆತುಂಬ ರಕ್ತ ಕುಡಿಯಬೇಕು. ದಾವಣಗೆರೆಯ ಸೆಕೆಯಲ್ಲೂ ಪ್ರಾಯಕ್ಕೆ ಬರಲು ಸುಮಾರು ಐದು ವಾರ. ಹುಡುಗ ಸೇರಿ 18 ದಿನ. ದೊಡ್ಡ ಪೊರೆ ಒಂದೆರಡು ಸಿಕ್ಕಿದರೆ ಬ್ಯಾಗಿನಲ್ಲಿ ಬಂದ ಹುಳು ಬಿಟ್ಟಿರಬಹುದು. ಪೈಪಿನೊಳಗೆ ಒಂದು ಚಮಚದಷ್ಟು ಸಿಕ್ಕಿದರೆ ಅದು 18 ದಿನದ ಸಂಸಾರವಲ್ಲ.

ಹಾಸ್ಟೆಲ್ ನಡೆಸುವವರು, ವಿದ್ಯಾನಗರ
ಹಿಂದಿದ್ದೋರ ಕಾಲದ ಪೊರೆ ಆಗಿರಬಹುದಲ್ಲ ಮೇಷ್ಟ್ರೇ? ಮದ್ದು ಹೊಡೆಸಿ ಹುಳ ಸತ್ತ ಮೇಲೂ ಪೊರೆ ಅಲ್ಲೇ ಉಳಿಯುತ್ತೆ.

ಕೀಟದ ಮೇಷ್ಟ್ರು
ಒಪ್ಪುತ್ತೇನೆ, ಬರೀ ಪೊರೆಯಿಂದ ಸಾಧಿಸಲಾಗದು. ಅದೇ ಜಾಗದಲ್ಲಿ ಬೇರೆ ಬೇರೆ ಗಾತ್ರದ ಜೀವಂತ ಹುಳುಗಳೂ ಇರುವುದನ್ನು ಒಂದೇ ವಿಡಿಯೋದಲ್ಲಿ ತೋರಿಸಬೇಕು. ಒಂದೆರಡು ಕಪ್ಪು ಚುಕ್ಕೆಗೆ ಒದ್ದೆ ಬಿಳಿ ಬಟ್ಟೆ ಒತ್ತಿ, ಕೆಂಪು ಮಿಶ್ರಿತ ಕಂದು ಹರಡುವುದನ್ನೂ ಚಿತ್ರಿಸಿ. ಅದು ಅರಗಿದ ರಕ್ತ. ಉಳಿದ ಚುಕ್ಕೆಗಳನ್ನು ಮುಟ್ಟಬೇಡಿ.

ಪೆಸ್ಟ್ ಕಂಟ್ರೋಲ್, ಚಿತ್ರದುರ್ಗ
ಮಾಲೀಕ್ರೇ, ಮದ್ದು ಹೊಡೆಸಿದ್ರೆ ಬಿಲ್ಲು ಇರುತ್ತಲ್ಲ, ಅದನ್ನ ತೋರಿಸಿ. ಬಿಲ್ಲಲ್ಲಿ ಯಾವ ರೂಮು, ಯಾವ ಔಷಧಿ, ಎಷ್ಟನೇ ಸುತ್ತು ಅಂತ ಇರ್ಬೇಕು. ಸ್ಪ್ರೇಗೆ ಮೊಟ್ಟೆ ಸಾಯೋದು ಕಷ್ಟ, ಅದಕ್ಕೇ 10ರಿಂದ 14 ದಿನದೊಳಗೆ ಎರಡನೇ ಸುತ್ತು ಕಡ್ಡಾಯ. ಒಂದೇ ಸುತ್ತಿನ ಬಿಲ್ಲಿದ್ರೆ ಅರ್ಧ ಕೆಲಸ ಆಗಿದೆ ಅಂತಲೇ ಅರ್ಥ.

ವಕೀಲರಿಗೊಂದು ಮಾತು. ಸಾಕ್ಷಿ ಕೆಡುತ್ತೆ ಅಂತ ಹುಡುಗನ್ನ ಅದೇ ಹಾಸಿಗೆ ಮೇಲೆ ವಾರಗಟ್ಟಲೆ ಮಲಗಿಸಬೇಡಿ.

ಪಿ.ಜೆ. ಬಡಾವಣೆ ವಕೀಲ
ಖಂಡಿತ ಬೇಡ. ಒಂದು ಸಂಜೆ ಸಾಕು. ಸಾಕ್ಷಿ ಹಿಡ್ಕೊಂಡು, ಅವತ್ತೇ ಮಾಲೀಕರಿಗೆ ಬರಹದಲ್ಲಿ ತಿಳಿಸಿ, ಆಮೇಲೆ ಮದ್ದು ಹೊಡೆಸಲಿ. ಅದಕ್ಕೆ ಮೊದಲೇ ಹುಡುಗರು ಹಿಟ್ ಹೊಡೆದು, ಸೀಮೆಎಣ್ಣೆ ಸುರಿದು ಒರೆಸಿಬಿಡ್ತಾರೆ. ಇಂಥ ಕೇಸುಗಳು ಅಲ್ಲೇ ಸಾಯೋದು.

ಪೆಸ್ಟ್ ಕಂಟ್ರೋಲ್, ಚಿತ್ರದುರ್ಗ
ಸೀಮೆಎಣ್ಣೆಗಿಂತ ದೊಡ್ಡ ಅಪಾಯ ಕಾಳಿಗೆ ಇಡೋ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ಮಲಗೋ ರೂಮಲ್ಲಿ ಅದನ್ನಿಟ್ಟು ಪ್ರಾಣ ಹೋಗಿರೋದುಂಟು. ಗಾಳಿಯ ತೇವಕ್ಕೇ ವಿಷದ ಗ್ಯಾಸ್ ಬಿಡುತ್ತೆ, ಪಕ್ಕದ ರೂಮಿಗೂ ಹಬ್ಬುತ್ತೆ. ದಯವಿಟ್ಟು ಯಾರೂ ಮುಟ್ಟಬೇಡಿ.

ಮೊಬೈಲ್ ರಿಪೇರಿ, ಅಶೋಕ ರಸ್ತೆ
ಫೋಟೋ ಬಗ್ಗೆ. ಬಾಗಿಲ ಮೇಲಿನ ರೂಮ್ ನಂಬರಿಂದ ವಿಡಿಯೋ ಶುರು ಮಾಡಿ, ಕಟ್ ಮಾಡದೆ ಮಂಚದ ತನಕ ಬನ್ನಿ. ಹುಳದ ಪಕ್ಕ ಒಂದು ರೂಪಾಯಿ ನಾಣ್ಯ ಇಡಿ, ಗಾತ್ರ ಗೊತ್ತಾಗುತ್ತೆ. ಮೂಗಿಗೆ ಹಿಡಿದಂಗೆ ಹತ್ರ ಹೋದ್ರೆ ಮಸುಕಾಗುತ್ತೆ, ಒಂದು ಗೇಣು ದೂರದಿಂದ ಎರಡು ಪಟ್ಟು ಝೂಮ್ ಮಾಡಿ. ಟಾರ್ಚ್ ನೇರ ಬೇಡ, ಅಡ್ಡ ಹಿಡೀರಿ, ಪೊರೆಯ ಅಂಚು ಎದ್ದು ಕಾಣುತ್ತೆ.

ವಾಟ್ಸಾಪಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರೆ ಫೈಲ್ ಕುಗ್ಗಿ, ತೆಗೆದ ಹೊತ್ತು ಜಾಗದ ವಿವರ ಅಳಿಸಿ ಹೋಗುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ, ಮೂಲ ಫೈಲ್ ಫೋನಲ್ಲೇ ಇರಲಿ. ಕ್ರಾಪ್ ಮಾಡಬೇಡಿ, ಫಿಲ್ಟರ್ ಹಾಕಬೇಡಿ.

ಪಿ.ಜೆ. ಬಡಾವಣೆ ವಕೀಲ
ಇದಕ್ಕೊಂದು ಸೇರಿಸ್ತೀನಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಫೋಟೋ, ವಿಡಿಯೋದಂಥ ಎಲೆಕ್ಟ್ರಾನಿಕ್ ಸಾಕ್ಷಿಗೆ ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಜಾಗದಲ್ಲಿ ಈಗ 63ನೇ ಕಲಂ. ಅಂಥ ಸಾಕ್ಷಿಯ ಜೊತೆ ಕೊಡೋ ಪ್ರಮಾಣಪತ್ರದಲ್ಲಿ ಎ, ಬಿ ಎರಡು ಭಾಗ. ಎ ಭಾಗಕ್ಕೆ ಫೋನ್ ಇಟ್ಕೊಂಡವರ ಸಹಿ, ಬಿ ಭಾಗಕ್ಕೆ ತಜ್ಞರ ಸಹಿ, ಫೈಲಿನ ಹ್ಯಾಶ್ ಮೌಲ್ಯನೂ (ಫೈಲ್ ಸ್ವಲ್ಪ ಬದಲಾದ್ರೂ ಬದಲಾಗೋ ಗುರುತಿನ ಸಂಖ್ಯೆ) ಬರೀಬೇಕು. ಆಯೋಗ ಅಫಿಡವಿಟ್, ದಾಖಲೆಗಳ ಮೇಲೆ ನಡೆಯುತ್ತೆ, ಕೋರ್ಟಿನಷ್ಟು ಬಿಗಿ ಇಲ್ಲ. ಆದ್ರೂ ಹಾಕಿಟ್ರೆ ಎದುರುದಾರರ ತಕರಾರಿಗೆ ಜಾಗ ಇರಲ್ಲ. ರೂಮ್‌ಮೇಟ್ ಒಬ್ಬರ ಅಫಿಡವಿಟ್ಟೂ ಇರಲಿ.

ಚಿಗಟೇರಿ ಆಸ್ಪತ್ರೆಯ ಓಪಿಡಿ ಚೀಟಿಯಾದ್ರೂ ಸಾಕು, ಆದ್ರೆ 'ಕೀಟ ಕಡಿತ' ಅನ್ನೋದರ ಜೊತೆ ಮೈಯ ಯಾವ ಭಾಗ, ಎಷ್ಟು ದದ್ದು ಅಂತ ಬರೆಸಿಕೊಳ್ಳಿ. ಅಡ್ವಾನ್ಸ್ ನಗದಾಗಿ ಕೊಟ್ಟಿದ್ರೆ "ಇಂಥ ದಿನ ಇಷ್ಟು ಕೊಟ್ಟಿದ್ದೆ" ಅಂತ ಮಾಲೀಕರಿಗೆ ವಾಟ್ಸಾಪ್ ಹಾಕಿ, ಅವರು ಅಲ್ಲಗಳೆಯದೆ ಉತ್ತರ ಕೊಟ್ರೆ ಅದೂ ಉಪಯೋಗಕ್ಕೆ ಬರುತ್ತೆ. ನೋಟಿಸ್ ಸ್ಪೀಡ್ ಪೋಸ್ಟಲ್ಲಿ ಹೋಗಲಿ, ತಲುಪಿದ್ದಕ್ಕೆ ಪುರಾವೆ ಸಮೇತ. ಹದಿನೈದು ದಿನ ಗಡುವು ಕೊಡಿ.

ಬೆಣ್ಣೆನಗರಿ ವಿದ್ಯಾರ್ಥಿ ಬಳಗ
ತಿಗಣೆಗೆ ಪರಿಹಾರ ಸಿಕ್ಕಿರೋದು ಉಂಟಾ ಸರ್?

ಪಿ.ಜೆ. ಬಡಾವಣೆ ವಕೀಲ
ಉಂಟು. ಮಂಗಳೂರು–ಬೆಂಗಳೂರು ಸ್ಲೀಪರ್ ಬಸ್ಸಿನ ತಿಗಣೆ ದೂರಿನಲ್ಲಿ ದಕ್ಷಿಣ ಕನ್ನಡ ಜಿಲ್ಲಾ ಆಯೋಗ 1 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶ ಮಾಡಿತ್ತು, 2024ರ ಕೊನೆಗೆ ಸುದ್ದಿಯಾಯ್ತು. ನಮ್ಮ ಆಯೋಗ ಅದನ್ನೇ ಅನುಸರಿಸಬೇಕು ಅಂತೇನಿಲ್ಲ. ಹುಡುಗ ಕೇಳಬೇಕಾದ್ದು ಅಡ್ವಾನ್ಸ್, ಉಳಿದ ದಿನಗಳ ಬಾಡಿಗೆ, ಔಷಧಿ ಖರ್ಚು, ಬಟ್ಟೆ ಒಗೆಸಿದ ಖರ್ಚು, ಇವುಗಳ ಮೇಲೆ ಮಾನಸಿಕ ಯಾತನೆಗೆ ಹಿಡಿತದ ಮೊತ್ತ. ಬಿಲ್ಲಿಲ್ಲದ ಲೆಕ್ಕ ಬರೆದ್ರೆ ಬಿಲ್ಲಿರೋದರ ಮೇಲೂ ಅನುಮಾನ ಬರುತ್ತೆ.

ಹಾಸ್ಟೆಲ್ ನಡೆಸುವವರು, ವಿದ್ಯಾನಗರ
ಹೇಳಿದ ದಿನವೇ ರೂಮ್ ಬದಲಿಸಿ ಪೆಸ್ಟ್‌ನೋರನ್ನ ಕರೆಸೋ ಮಾಲೀಕರೂ ಇದ್ದಾರೆ. ಮೊದಲ ಮೆಸೇಜಿಗೂ ನೋಟಿಸಿಗೂ ನಡುವೆ ಅವರು ಏನು ಮಾಡಿದ್ರು ಅನ್ನೋದನ್ನೂ ದೂರಿನಲ್ಲಿ ಇದ್ದದ್ದು ಇದ್ದಂಗೆ ಬರೀರಿ.

ಪಿ.ಜೆ. ಬಡಾವಣೆ ವಕೀಲ
ಅದು ಸರಿಯಾದ ಮಾತು, ಬರೀಲೇಬೇಕು.

ಪೆಸ್ಟ್ ಕಂಟ್ರೋಲ್, ಚಿತ್ರದುರ್ಗ
ರೂಮ್ ಬಿಡುವಾಗ ಬಟ್ಟೆ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮನೆಯೊಳಗೆ ಬಿಚ್ಚೋ ಮೊದಲು 60 ಡಿಗ್ರಿ ಬಿಸಿನೀರಲ್ಲಿ ಒಗೆಸಿ. ಬರೀ ಬಿಸಿಲಿಗೆ ಹಾಕಿದ್ರೆ ಮಡಿಕೆಯೊಳಗಿನವು ಬದುಕ್ತವೆ.

ಬೆಣ್ಣೆನಗರಿ ವಿದ್ಯಾರ್ಥಿ ಬಳಗ
ಇವತ್ತು ಸಂಜೆಯೇ ಮಾಡಿಸ್ತೀವಿ. ಪೈಪಿನ ಮುಚ್ಚಳ ಮೊದಲೇ ತೆಗೆದಿಟ್ಟುಕೊಳ್ಳಲಾ?

ಕೀಟದ ಮೇಷ್ಟ್ರು
ಬೇಡ. ವಿಡಿಯೋ ಓಡುತ್ತಿರುವಾಗಲೇ ತೆಗೆಯಿರಿ, ಕೆಳಗೆ ಬಿಳಿ ಕಾಗದ ಹಾಸಿರಿ. ಮುಚ್ಚಳ ಬಂದ ಕೂಡಲೇ ಉದುರುವುದೆಲ್ಲ ಕಾಗದದ ಮೇಲೆ ಬೀಳಲಿ, ಅದನ್ನು ಹಾಗೇ ಮಡಿಸಿ, ಇಬ್ಬರು ಸಹಿ ಹಾಕಿ ಲಕೋಟೆಗೆ ಹಾಕಿಡಿ.