ಅಪ್‌ಡೇಟ್: ತಾತನ ಪುಸ್ತಕಗಳ ಸ್ಕ್ಯಾನಿಂಗ್‌ಗೆ ದಾರಿ ಸಿಕ್ಕಿತು

ತಾತನ ಕಾಲದ ಪುಸ್ತಕಗಳನ್ನೂ ಜಮೀನಿನ ಕಾಗದಗಳನ್ನೂ ಬೈಂಡಿಂಗ್ ಬಿಚ್ಚದೆ ಸ್ಕ್ಯಾನ್ ಮಾಡುವುದು ಹೇಗೆ ಅಂತ ಕೇಳಿದ್ದೆ. ಈಗ ಕೆಲಸ ಚೆನ್ನಾಗಿ ಸಾಗುತ್ತಿದೆ.

ಬಿಡಿ ಕಾಗದಗಳಿಗೆ ಫ್ಲಾಟ್‌ಬೆಡ್ ಸ್ಕ್ಯಾನರ್ (ಗಾಜಿನ ಮೇಲೆ ಕಾಗದ ಬೋರಲು ಹಾಕುವಂಥದ್ದು) ಸಾಕು, 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಇಟ್ಟರೆ ಆಯಿತು. ಪುಸ್ತಕಕ್ಕೆ ಮಾತ್ರ ಮೊಬೈಲೇ ಸರಿ. ಹಳೇ ಪುಸ್ತಕವನ್ನು ಗಾಜಿನ ಮೇಲೆ ಬೋರಲು ಹಾಕಿ ಒತ್ತಿದರೆ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕ್ಯಾಮೆರಾ ಕೆಳಮುಖ ಮಾಡಿ, ಕಿಟಕಿ ಬೆಳಕಲ್ಲಿ ಫೋಟೋ ತೆಗೆಯುತ್ತಿದ್ದೇನೆ. ಫ್ಲ್ಯಾಶ್ ಬೇಡವೇ ಬೇಡ. ಹಾಳೆ ತೆಳುವಾಗಿದ್ದರೆ ಹಿಂಬದಿಯ ಅಕ್ಷರವೂ ಕಾಣುತ್ತದೆ, ಅಲ್ವಾ? ಅದರಡಿ ಒಂದು ಕಪ್ಪು ಕಾಗದ ಇಡಿ, ಎಷ್ಟೋ ಕಡಿಮೆಯಾಗುತ್ತದೆ. ಮೊದಲು ಬಲಗಡೆ ಪುಟಗಳನ್ನೆಲ್ಲ ತೆಗೆದು, ಆಮೇಲೆ ಎಡಗಡೆಯವು. ಆಗ ಪುಸ್ತಕವನ್ನು ಪದೇ ಪದೇ ಅಲುಗಾಡಿಸಬೇಕಿಲ್ಲ. ಫೋಟೋದಲ್ಲಿ ಪುಟ ನೇರ ಮಾಡಲು ಸ್ಕ್ಯಾನ್ ಟೈಲರ್ ಅನ್ನೋ ಸಾಫ್ಟ್‌ವೇರ್ ಇದೆ, ಉಚಿತ.

ಪದ ಹುಡುಕಲು ಬರಲಿ ಅಂತ, ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ಟೆಸ್ಸರಾಕ್ಟ್ ಅನ್ನೋ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಅದು ಕನ್ನಡ ಓದುತ್ತದೆ. ಆದರೆ ಅಚ್ಚುಮೊಳೆಯ ಹಳೇ ಮುದ್ರಣದಲ್ಲಿ ಒತ್ತಕ್ಷರಗಳು ಜಾಸ್ತಿ ತಪ್ಪುತ್ತವೆ. ಹಾಗಾಗಿ ಪುಟದ ಚಿತ್ರವನ್ನು ಹಾಗೇ ಉಳಿಸಿ, ಟೆಸ್ಸರಾಕ್ಟ್ ಓದಿದ ಅಕ್ಷರಗಳನ್ನು ಅದರ ಹಿಂದೆ ಕಾಣದಂತೆ ಸೇರಿಸಿದ ಪಿಡಿಎಫ್ ಮಾಡುತ್ತಿದ್ದೇನೆ.

ಸಹಾಯ ಮಾಡಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೈಬರಹದ ಜಮೀನು ಕಾಗದಗಳನ್ನು ಕಂಪ್ಯೂಟರಿನಿಂದ ಹೀಗೇ ಓದಿಸುವ ದಾರಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.